ಮೊದಲು ಕಾಲು ನೋಡಬೇಕಿತ್ತು

ನಾನು ಉಡುಪಿ ಕಡೆಯ ಪಶುವೈದ್ಯ. ದಿನವಿಡೀ ದನ, ನಾಯಿ, ಬೆಕ್ಕು. ಹಕ್ಕಿ ಬರುವುದು ಅಪರೂಪ. ಕಳೆದ ಏಪ್ರಿಲ್‌ನಲ್ಲಿ ಮಣಿಪಾಲದಿಂದ ರಿಕ್ಷಾದವರೊಬ್ಬರು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದರು. "ಡಾಕ್ಟ್ರೇ, ಗಿಡುಗನ ಮರಿ ಮಾರಾಯ್ರೆ. ಫ್ಲ್ಯಾಟಿನ ಗಾಜಿಗೆ ಬಡಿದು ಬಿದ್ದಿತ್ತು."

ಕಂದು ಮೈತುಂಬ ಬಿಳಿ ಚುಕ್ಕೆ, ಉದ್ದ ಬಾಲಕ್ಕೆ ಅಡ್ಡಪಟ್ಟೆ, ಕೆಂಪು ಕಣ್ಣು. ನಾನೂ ಗಿಡುಗ ಎಂದೇ ರಿಜಿಸ್ಟರಿನಲ್ಲಿ ಬರೆದು, ಕೋಳಿ ಮಾಂಸದ ಚೂರು ಇಟ್ಟೆ. ಸಂಜೆಯವರೆಗೂ ಅದು ಮುಟ್ಟಲಿಲ್ಲ.

ರೆಕ್ಕೆ ಇನ್ನೊಮ್ಮೆ ನೋಡೋಣವೆಂದು ಟವೆಲಿನಲ್ಲಿ ಸುತ್ತಿ ಎತ್ತಿದಾಗ ಅದು ನನ್ನ ಬೆರಳನ್ನು ಬಿಗಿಯಾಗಿ ಹಿಡಿಯಿತು. ಮುಂದೆ ಎರಡು ಬೆರಳು, ಹಿಂದೆ ಎರಡು. ಗಿಡುಗಕ್ಕಾದರೆ ಮುಂದೆ ಮೂರು, ಹಿಂದೆ ಒಂದು. ಕೊಕ್ಕು ನೋಡಿದೆ: ಮಾಸಲು ಹಸಿರು, ದಪ್ಪ, ಮಾಂಸ ಹರಿಯುವ ಕೊಕ್ಕೆ ಇಲ್ಲ. ಹೆಣ್ಣು ಕೋಗಿಲೆ! ಹಣ್ಣು ತಿನ್ನುವ ಹಕ್ಕಿಯನ್ನು ಒಂದು ಹಗಲು ಪೂರ್ತಿ ಉಪವಾಸ ಕೂರಿಸಿದ್ದೆ. ಆ ನೋವು ಈಗಲೂ ಇದೆ.

ನಮಗೆಲ್ಲ ಕೋಗಿಲೆ ಅಂದರೆ ಕಪ್ಪು ಹಕ್ಕಿ. ಕಪ್ಪಗಿದ್ದು "ಕುಹೂ" ಎನ್ನುವುದು ಗಂಡು. ಹೆಣ್ಣಿನದು "ಕಿಕ್-ಕಿಕ್-ಕಿಕ್" ಎಂಬ ಗಡಿಬಿಡಿಯ ಕೂಗು; ಎಲೆಮರೆಯಲ್ಲೇ ಇರುವುದರಿಂದ ಕಣ್ಣಿಗೆ ಬೀಳುವುದೂ ಕಡಿಮೆ.

ಪಪ್ಪಾಯಿಯ ಮೊದಲೆರಡು ತುಂಡು ನಾನೇ ಬಾಯಿಗಿಡಬೇಕಾಯಿತು. ಮರುದಿನ ಅರಣ್ಯ ಇಲಾಖೆಯವರ ಎದುರೇ ಬಿಟ್ಟೆವು. ಹಲಸಿನ ಮರ ಸೇರುವ ಮೊದಲೇ ನಾಲ್ಕು ಕಾಗೆಗಳು ಅರಚುತ್ತಾ ಬೆನ್ನಟ್ಟಿದವು. ನಾನು ಗುರುತಿಸದ ಹಕ್ಕಿಯನ್ನು ಅವು ನೋಡಿದ ಕೂಡಲೇ ಗುರುತಿಸಿದ್ದವು. ತಮ್ಮ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವವಳಲ್ಲವೇ! ಕೋಗಿಲೆಯ ಮೊಟ್ಟೆ 12ರಿಂದ 14 ದಿನಕ್ಕೆ ಒಡೆಯುತ್ತದೆ, ಕಾಗೆಯದಕ್ಕೆ 16ರಿಂದ 20 ದಿನ ಬೇಕು. ಹಾಗಾಗಿ ಮೊದಲು ಬಾಯಿ ತೆರೆದು ತುತ್ತು ಕೇಳುವುದು ಹೆಚ್ಚಾಗಿ ಕೋಗಿಲೆ ಮರಿಯೇ.

ಈಗ ಹಕ್ಕಿ ಬಂದರೆ ಕಾಲು, ಕೊಕ್ಕು ನೋಡದೆ ಹೆಸರು ಬರೆಯುವುದಿಲ್ಲ, ಆಹಾರವನ್ನೂ ಇಡುವುದಿಲ್ಲ. ಬಣ್ಣ ಕೊನೆಗೆ.

ಜೂನ್‌ನಲ್ಲಿ ಮಲ್ಪೆಯಿಂದ ಒಬ್ಬರು ಅಕ್ಕ ಫೋನ್ ಮಾಡಿದರು: ಗೋಡೆಯ ಮೇಲೆ ಕೂತ ಕಪ್ಪು ಮರಿಯನ್ನು ಕಾಗೆ ಕುಕ್ಕುತ್ತಿದೆಯಂತೆ. "ಕಾಲಿನ ಫೋಟೋ ಕಳಿಸಿ" ಎಂದೆ. ಮುಂದೆರಡು, ಹಿಂದೆರಡು. ಮರಿಯ ಬಾಯಿ ಅಗಲ ತೆರೆದಿತ್ತು, ಕಾಗೆಯ ಕೊಕ್ಕಿನಲ್ಲಿ ಅನ್ನದ ಅಗುಳು. "ಕುಕ್ಕುವುದಲ್ಲ ಅಕ್ಕ, ಉಣಿಸುತ್ತಿದೆ. ನಾಯಿ ಬೆಕ್ಕು ಹತ್ತಿರ ಬಾರದ ಹಾಗೆ ನೋಡಿಕೊಳ್ಳಿ, ಸಾಕು."