ಅಜ್ಜಾರಿಗೆ ಗುರುವಂದನೆ: ಶಾಲಿನ ಬದಲು ದಾರಿ ಉಳಿಸೋಣ

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಊರಿಗೊಂದು ಮಠ, ಮಠಕ್ಕೊಬ್ಬರು ಅಜ್ಜಾರು, ಅಂದರೆ ಸ್ವಾಮಿಗಳು. ಅವರಲ್ಲಿ ಕೆಲವರು ಗದ್ದುಗೆಯಿಂದ ಇಳಿದು ಜನರ ಜೊತೆ ನಡೆದವರು. ವರ್ಷಕ್ಕೊಮ್ಮೆ ಊರಿನ ಹಿರಿಯರನ್ನೂ ಸಾಲಿ ಹುಡುಗರನ್ನೂ ಬಸ್ಸಿನಲ್ಲಿ ಕೂಡಿಸಿಕೊಂಡು ಬಾದಾಮಿ, ಐಹೊಳೆ, ಕೂಡಲಸಂಗಮ ತೋರಿಸಿ, ಶಾಸನದ ಮುಂದೆ ನಿಂತು ಓದಿ ಹೇಳುತ್ತಾರೆ. ಉಳಿದ ದಿನಗಳಲ್ಲಿ ಸಾಲಿ ಹುಡುಗರಿಗೆ ಊಟ, ವಸತಿ ಕೊಡುವ ಪ್ರಸಾದ ನಿಲಯ ನಡೆಸುವುದು, ಬರ ಬಿದ್ದರೆ ದನಗಳಿಗೆ ಮೇವು ಹೊಂದಿಸುವುದು. ಇಂಥವರಿಗೆ ಎಪ್ಪತ್ತೈದು ತುಂಬಿತೆಂದರೆ ಭಕ್ತರು ಗುರುವಂದನೆಗೆ ಸಭೆ ಸೇರುತ್ತಾರೆ. ಆ ಮೊದಲ ಸಭೆಯಲ್ಲೇ ಒಂದು ಮಾತು ತೀರ್ಮಾನವಾಗಲಿ: ಅಜ್ಜಾರ ಕಾಲು ಸೋತರೂ ಯಾತ್ರೆ ನಿಲ್ಲಬಾರದು. ಹಣವೂ ದುಡಿಮೆಯೂ ಮೊದಲು ಅದಕ್ಕೇ ಹೋಗಬೇಕು.

ಎರಡನೆಯ ಕೆಲಸ, ಅಜ್ಜಾರನ್ನೇ ಕೇಳುವುದು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2018ರಲ್ಲಿ ಪದ್ಮಶ್ರೀಯನ್ನು ನಯವಾಗಿ ಬೇಡವೆಂದರು. ತಮ್ಮ ದೇಹವನ್ನು ಅಗ್ನಿಗೆ ಒಪ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಅಗಲಿದ ಮೇಲೆ ಅದರಂತೆಯೇ ನಡೆಯಿತು. ಈ ನೆಲದಲ್ಲಿ ಗೌರವವೆಂದರೆ ಏನು ಎಂಬುದಕ್ಕೆ ಅಷ್ಟು ದೊಡ್ಡ ಅಳತೆಗೋಲು ಇರುವಾಗ, ಬೆಳ್ಳಿ ಕಿರೀಟ ಮಾಡಿಸಿ ಆಮೇಲೆ ಅಜ್ಜಾರಿಗೆ ತಿಳಿಸುವುದು ಸರಿಯಲ್ಲ.

ವೇದಿಕೆಯ ವಿಷಯ ಸಣ್ಣದು. ಹಾರ, ಶಾಲು ತರಬೇಡಿ ಎಂದು ಕರೆಯೋಲೆಯಲ್ಲೇ ಅಚ್ಚು ಹಾಕಿಸಿ. ಬಾಯಿಮಾತಿಗೆ ಯಾರೂ ಕೇಳುವುದಿಲ್ಲ. ತುಲಾಭಾರ ಮಾಡಲೇಬೇಕೆಂದರೆ ನೋಟಬುಕ್ಕಿನಿಂದ ಮಾಡಿ. 200 ಪುಟದ ಉದ್ದನೆಯ ನೋಟಬುಕ್ ಹೆಚ್ಚೂಕಡಿಮೆ 300 ಗ್ರಾಂ ತೂಗುತ್ತದೆ. 65 ಕಿಲೋಗೆ 215ರಷ್ಟು ಪುಸ್ತಕವಾದವು, ಒಂದು ಪ್ರಸಾದ ನಿಲಯದ ಹುಡುಗರಿಗೆ ಸಾಕು. ಬಿಡಿ ಪುಸ್ತಕ ತಕ್ಕಡಿಯಲ್ಲಿ ಜಾರುತ್ತವೆ, ಹತ್ತತ್ತರ ಕಟ್ಟು ಕಟ್ಟಿಡಬೇಕು.

ನಿಜವಾದ ಕೆಲಸ ದಾರಿಯನ್ನು ಬರೆದಿಡುವುದು. ಅಜ್ಜಾರ ಯಾತ್ರೆಯೆಲ್ಲ ಅವರ ತಲೆಯಲ್ಲಿದೆ: ಯಾವ ಗುಡಿಯ ಬೀಗದ ಕೈ ಯಾರ ಮನೆಯಲ್ಲಿರುತ್ತದೆ, ಬಸ್ಸು ಎಲ್ಲಿ ತಿರುಗುತ್ತದೆ, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲಿದೆ, ಯಾವ ಹೊತ್ತಿಗೆ ಯಾವ ಕಲ್ಲಿನ ಅಕ್ಷರ ಕಾಣುತ್ತದೆ. ವಚನ ಸಂಶೋಧಕ ಫ.ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿ ಕೂಡಿಸಿ, ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಕಟ್ಟಿ ವಚನಗಳನ್ನು ಅಚ್ಚಿಗೆ ತಂದರು. ಬಾಯಲ್ಲಿ, ಗಂಟಿನಲ್ಲಿ ಇದ್ದದ್ದು ಕಾಗದಕ್ಕೆ ಬಂದರೆ ಮಾತ್ರ ಮುಂದಿನವರಿಗೆ ಸಿಗುತ್ತದೆ. ಆದ್ದರಿಂದ ಗುರುವಂದನೆಗೆ ಎಂಟು ತಿಂಗಳು ಇರುವಾಗಲೇ ಅಜ್ಜಾರ ಜೊತೆ ಒಂದು ಯಾತ್ರೆ ಮಾಡಿ, ಇಬ್ಬರು ಬರೆದುಕೊಳ್ಳಲಿ, ಒಬ್ಬರು ಧ್ವನಿ ಹಿಡಿಯಲಿ. ಕೊರಳಪಟ್ಟಿಗೆ ಸಿಕ್ಕಿಸುವ ಮೈಕಿಗೆ ಸ್ಪಂಜಿನ ಟೊಪ್ಪಿಗೆ ಇಲ್ಲದಿದ್ದರೆ ಗುಡ್ಡದ ಮೇಲೆ ಗಾಳಿಯ ಸದ್ದೊಂದೇ ಉಳಿಯುತ್ತದೆ. ಓಡುವ ಬಸ್ಸಿನಲ್ಲಿ ಹಿಡಿದದ್ದು ಕೇಳಲು ಬಾರದು. ಪ್ರತಿ ಸ್ಥಳಕ್ಕೂ ಬೇರೆ ಫೈಲ್ ಮಾಡಿ, ಶುರುವಿನಲ್ಲೇ ಊರು, ಗುಡಿ, ತಾರೀಖು ಹೇಳಿಬಿಡಿ. ಇದೊಂದು ತಪ್ಪಿದರೆ ಆರು ತಿಂಗಳ ಮೇಲೆ ಯಾವ ಮಾತು ಯಾವ ಕಲ್ಲಿನದು ಎಂದು ಯಾರಿಗೂ ತಿಳಿಯದು.

ಐವತ್ತು ಜನರ ಎರಡು ದಿನದ ಯಾತ್ರೆಗೆ ಈ ಸಾಲು ಚೆನ್ನಾಗಿ ಹೊಂದುತ್ತದೆ. ಬಾಗಲಕೋಟೆಯಿಂದ ನಸುಕಿನಲ್ಲೇ ಹೊರಟು, ಬಾಗಿಲು ತೆರೆಯುವ ಹೊತ್ತಿಗೆ ಬಾದಾಮಿಯ ಗುಹೆಗಳ ಮುಂದೆ ಇರಬೇಕು. ಹತ್ತೂವರೆ ದಾಟಿತೆಂದರೆ ಬಂಡೆ ಕಾಯುತ್ತದೆ, ವಯಸ್ಸಾದವರು ಮೇಲಿನ ಗುಹೆಗೆ ಹತ್ತಲಾರರು. ಮೆಟ್ಟಿಲು ಎತ್ತರವಿವೆ, ಮೊಣಕಾಲು ನೋವಿನವರು ಮೊದಲ ಗುಹೆ ನೋಡಿ ಇಳಿದು, ಅಗಸ್ತ್ಯ ತೀರ್ಥವೆಂಬ ಕೆರೆಯ ದಂಡೆಯ ಭೂತನಾಥ ಗುಡಿಗೆ ಹೋಗಲಿ. ಮಂಗಗಳಿವೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಕಸಿಯುತ್ತವೆ. ಮೂರನೆಯ ಗುಹೆಯಲ್ಲಿ ಚಾಲುಕ್ಯ ಮಂಗಲೇಶ ಬರೆಸಿದ, ಕ್ರಿ.ಶ. 578ರ ಶಾಸನವಿದೆ. ಐವತ್ತು ಜನ ಒಮ್ಮೆಗೇ ಒಳಗೆ ನಿಂತರೆ ಮಾತು ಗವ್ವೆಂದು ಮಾರ್ದನಿಸಿ ಒಂದಕ್ಷರವೂ ತಿಳಿಯದು. ಇಪ್ಪತ್ತೈದರ ಎರಡು ತಂಡ ಮಾಡಿ.

ಬಾದಾಮಿಯಲ್ಲಿ ತಪ್ಪಿಸಲೇಬಾರದ್ದು ಕಪ್ಪೆ ಅರಭಟ್ಟನ ಶಾಸನ. ಕೆರೆಯ ಆಚೆ ಬಂಡೆಯ ಮೈಮೇಲಿದೆ, ಹೆಚ್ಚಿನ ಬಸ್ಸುಗಳವರು ಆ ಕಡೆ ಹೋಗುವುದೇ ಇಲ್ಲ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂಬ ಸಾಲು ಅಲ್ಲಿಯದೇ. ಅದು ತ್ರಿಪದಿ, ಮೂರು ಸಾಲಿನ ಪದ್ಯ. ಅರ್ಥ ಹೇಳುವ ಮೊದಲು ಅದನ್ನು ರಾಗ ಮಾಡಿ ಓದಿಸಿ. ಬೀಸುಕಲ್ಲಿನ ಪದ ಹಾಡಿ ಬೆಳೆದ ಅಜ್ಜಿಯರು ಆ ನಡೆಯನ್ನು ತಟ್ಟನೆ ಹಿಡಿಯುತ್ತಾರೆ. ಸಾವಿರದ ಮುನ್ನೂರು ವರ್ಷದ ಹಿಂದಿನ ಕಲ್ಲು ತಮ್ಮ ಅಡುಗೆಮನೆಯ ಮಾತಾಡುತ್ತದೆ ಎಂದು ಗೊತ್ತಾಗುವ ಆ ಗಳಿಗೆಗಾಗಿಯೇ ಇಡೀ ಯಾತ್ರೆ ಮಾಡಬಹುದು.

ಮಧ್ಯಾಹ್ನ ಮಹಾಕೂಟ, ಅಲ್ಲಿ ಮರದ ನೆರಳಿದೆ, ಬುತ್ತಿ ಬಿಚ್ಚಲು ತಕ್ಕ ಜಾಗ. ತಲೆಗೆ ಮೂರರಂತೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಇರಲಿ. ಹೂರಣದ ಹೋಳಿಗೆ ಸೆಕೆಗೆ ಹಳಸುತ್ತದೆ. ಆಮೇಲೆ 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಮಲಪ್ರಭೆಯ ದಂಡೆಯಲ್ಲಿ ಕಟ್ಟಿದ ಶಿವಯೋಗ ಮಂದಿರ. ಈ ಭಾಗದ ಎಷ್ಟೋ ಮಠಾಧೀಶರು ವಟುಗಳಾಗಿ ಕಲಿತ ಜಾಗವಿದು, ನಿಮ್ಮ ಅಜ್ಜಾರೂ ಅಲ್ಲಿಯವರಾದರೆ ಅರ್ಧ ತಾಸು ಹೆಚ್ಚು ಇಟ್ಟುಕೊಳ್ಳಿ. ಸಂಜೆಯ ಓರೆ ಬಿಸಿಲಿಗೆ ಪಟ್ಟದಕಲ್ಲು. ವಿರೂಪಾಕ್ಷ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಅದನ್ನು ಕಟ್ಟಿಸಿದವಳು ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಗಂಡನ ಕಂಚಿ ಗೆಲುವಿನ ನೆನಪಿಗೆ.

ಮರುದಿನ ಐಹೊಳೆ. ದುರ್ಗ ಗುಡಿಯನ್ನು ದುರ್ಗಾದೇವಿಯ ಗುಡಿ ಎಂದು ಹೇಳಿಬಿಡುವವರು ಬಹಳ. ಕೋಟೆಗೆ ಹೊಂದಿದ್ದರಿಂದ ಬಂದ ಹೆಸರದು. ಗುಡ್ಡದ ಮೇಲಿನ ಮೇಗುತಿ ಬಸದಿಯಲ್ಲಿ ಕವಿ ರವಿಕೀರ್ತಿ ಬರೆದ 634ರ ಶಾಸನವಿದೆ, ಹತ್ತಬಲ್ಲವರು ಮಾತ್ರ ಹೋಗಲಿ. ಅಲ್ಲಿಂದ ಕೂಡಲಸಂಗಮ. ಬಸವಣ್ಣನವರ ಐಕ್ಯಮಂಟಪ ಬಾವಿಯಂಥ ಕಟ್ಟಡದ ತಳದಲ್ಲಿದೆ, ಸುತ್ತ ನಾರಾಯಣಪುರ ಆಣೆಕಟ್ಟಿನ ಹಿನ್ನೀರು. ಮೆಟ್ಟಿಲಿನಲ್ಲಿ ಇಳಿಯುವವರೂ ಏರುವವರೂ ಎದುರಾದರೆ ದಟ್ಟಣೆಯಾಗುತ್ತದೆ, ಹದಿನೈದು ಜನರಂತೆ ಬಿಡಿ. ಕೊನೆಗೆ ಬಸವನ ಬಾಗೇವಾಡಿ. ಮೂರನೆಯ ದಿನ ಸಿಕ್ಕರೆ ವಿಜಯಪುರದಲ್ಲಿ ಇಬ್ರಾಹಿಂ ರೋಜಾಕ್ಕೆ ಹೋಗಿ. ಸರಸ್ವತಿಯನ್ನು ಸ್ತುತಿಸಿ ಹಾಡು ಕಟ್ಟಿದ ಎರಡನೇ ಇಬ್ರಾಹಿಂ ಆದಿಲಶಾಹಿ ಮಲಗಿರುವುದು ಅಲ್ಲೇ.

ದಿನ ಗೊತ್ತು ಮಾಡುವಾಗ ಶುಕ್ರವಾರ ಬಿಡಿ, ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ರಜೆ. ಬನದ ಹುಣ್ಣಿಮೆಯ ಆಸುಪಾಸಿನಲ್ಲಿ ಬನಶಂಕರಿ ಜಾತ್ರೆಯಿಂದ ಬಾದಾಮಿ ರಸ್ತೆ ಕಟ್ಟಿಕೊಳ್ಳುತ್ತದೆ. ಸಾರಿಗೆ ಸಂಸ್ಥೆಯ ಬಸ್ಸನ್ನು ಕರಾರಿಗೆ ಹಿಡಿದರೆ ಕಿ.ಮೀ. ಲೆಕ್ಕ ಡಿಪೋದಿಂದ ಡಿಪೋದವರೆಗೆ, ದಿನಕ್ಕೆ ಕನಿಷ್ಠ ಇಷ್ಟೆಂದು ಇರುತ್ತದೆ. ಹತ್ತಿರದ ಡಿಪೋದಲ್ಲೇ ಕೇಳಿ.

ಭಕ್ತಿಯಿಂದಲೇ ಆಗುವ ಹಾನಿಯನ್ನು ಬಸ್ಸು ಹೊರಡುವ ಮೊದಲು ಹೇಳಿಬಿಡಬೇಕು. ಅಕ್ಷರ ಕಾಣಲೆಂದು ಶಾಸನಕ್ಕೆ ಸುಣ್ಣದ ಕಡ್ಡಿ ಉಜ್ಜುವುದು, ಎಣ್ಣೆ ಹಚ್ಚುವುದು ಬೇಡ. ಪಕ್ಕದಿಂದ ಟಾರ್ಚ್ ಓರೆಯಾಗಿ ಹಿಡಿದರೆ ಅಕ್ಷರ ತಾನೇ ಏಳುತ್ತದೆ. ನಮ್ಮ ಮರಳುಗಲ್ಲು ನೀರು ಕುಡಿದು ಬಿಡುವ ಕಲ್ಲು. ಎಣ್ಣೆಬಣ್ಣ ಬಳಿದರೆ, ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಉಪ್ಪುಗಟ್ಟಿ ಮೈ ಪದರ ಪದರವಾಗಿ ಉದುರುತ್ತದೆ. ಗುರುವಂದನೆಯ ನೆನಪಿಗೆ ಊರ ಗುಡಿಗೆ ಬಣ್ಣ ಹೊಡೆಸುತ್ತೇವೆ ಎನ್ನುವ ದಾನಿಗಳನ್ನು ದಯವಿಟ್ಟು ತಡೆಯಿರಿ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಕಟ್ಟೆ, ಕಮಾನು ಯಾವ ಹೊಸ ಕಟ್ಟಡಕ್ಕೂ ಕಾನೂನಿನ ತಡೆಯಿದೆ.

ಬರೆದುಕೊಂಡದ್ದೆಲ್ಲ ಅಭಿನಂದನ ಗ್ರಂಥದ ಮೊದಲ ಭಾಗವಾಗಲಿ, ಹೊಗಳಿಕೆಯ ಲೇಖನಗಳು ಕೊನೆಗೆ. ಲೇಖಕರೆಲ್ಲರಿಂದ ಯೂನಿಕೋಡ್‌ನಲ್ಲೇ ತರಿಸಿ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬಂದದ್ದನ್ನು ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರ ಕೆಡುತ್ತವೆ, ಅದು ಕಣ್ಣಿಗೆ ಬೀಳುವುದು ಅಚ್ಚಾದ ಮೇಲೆ. ಎರಡು ಪ್ರೂಫ್ ಇಬ್ಬರು ಬೇರೆಬೇರೆಯವರು ನೋಡಲಿ. ದಾರಿಯ ಭಾಗವನ್ನಷ್ಟೇ 32 ಪುಟದ ಕೈಪುಸ್ತಕವಾಗಿ ಬೇರೆ ಹೊಲಿಸಿ, ಬಸ್ಸಿಗೆ ದಪ್ಪ ಗ್ರಂಥ ಯಾರೂ ಒಯ್ಯುವುದಿಲ್ಲ.

ಉಳಿದ ಹಣ ಯಾತ್ರೆ ನಡೆಸುವ ದತ್ತಿಗೆ. 5 ಲಕ್ಷ ಠೇವಣಿ ಇಟ್ಟು ಶೇ 7ರ ಬಡ್ಡಿ ಹಿಡಿದರೆ ವರ್ಷಕ್ಕೆ 35,000 ರೂಪಾಯಿ. ಸಹಿ ಅಧಿಕಾರ ವ್ಯಕ್ತಿಯ ಹೆಸರಿಗಲ್ಲದೆ ಹುದ್ದೆಗೆ ಇರಬೇಕು. ಸಹಿ ಮಾಡುವವರು ತೀರಿಕೊಂಡರೆ ಖಾತೆ ವರ್ಷಗಟ್ಟಲೆ ಹಾಗೇ ಬೀಳುತ್ತದೆ. ಗುರುವಂದನೆಯ ದಿನ ವೇದಿಕೆಯ ಮೇಲೆ ಮುಂದಿನ ಯಾತ್ರೆಯ ತಾರೀಖು ಸಾರಿ, ಬಸ್ಸಿನ ಮುಂಗಡದ ರಶೀದಿಯನ್ನು ಅಜ್ಜಾರ ಕೈಗಿಟ್ಟು, ದಾರಿ ತೋರಿಸುವ ಇಬ್ಬರು ಹುಡುಗರನ್ನು ಅವರ ಮುಂದೆ ನಿಲ್ಲಿಸಿ.