ಮಕ್ಕಳು ಕಸವನ್ನೂ ಓದಲಿ ಎಂದ ಲೇಖಕ

ಪೀಟರ್ ಡಿಕಿನ್ಸನ್ ಹೆಸರು ನಮ್ಮಲ್ಲಿ ಕೇಳಿರುವವರು ಕಡಿಮೆ. ನನಗಂತೂ ತುಂಬಾ ಇಷ್ಟದ ಲೇಖಕ. ಹುಟ್ಟಿದ್ದು 1927ರಲ್ಲಿ, ಈಗಿನ ಜಾಂಬಿಯಾದಲ್ಲಿ. ಬೆಳೆದದ್ದು ಇಂಗ್ಲೆಂಡಿನಲ್ಲಿ. ಲಂಡನ್ನಿನ 'ಪಂಚ್' ಪತ್ರಿಕೆಯಲ್ಲಿ 17 ವರ್ಷ ಕೆಲಸ ಮಾಡಿದರು. ಅಲ್ಲಿ ಪತ್ತೇದಾರಿ ಕಾದಂಬರಿಗಳ ವಿಮರ್ಶೆ ಬರೆಯುತ್ತಾ ತಾವೂ ಒಂದು ಶುರು ಮಾಡಿದರು. ಅದು ನಡುವೆ ನಿಂತುಹೋಯಿತು. ಆಗ ಬಿದ್ದ ಒಂದು ಕೆಟ್ಟ ಕನಸಿನಿಂದ ಮಕ್ಕಳ ಕಾದಂಬರಿ ಹುಟ್ಟಿತು. ಆಮೇಲೆ ನಿಂತಿದ್ದ ಪತ್ತೇದಾರಿ ಕಾದಂಬರಿಯೂ ಮುಗಿಯಿತು. ಎರಡೂ ಪುಸ್ತಕ ಬಂದದ್ದು 1968ರಲ್ಲೇ!

ಪತ್ತೇದಾರಿ ಬರಹಕ್ಕೆ ಗೋಲ್ಡ್ ಡ್ಯಾಗರ್ ಪ್ರಶಸ್ತಿ, ಮಕ್ಕಳ ಬರಹಕ್ಕೆ ಕಾರ್ನೆಗಿ ಪದಕ. ಎರಡನ್ನೂ ಸತತ ಎರಡೆರಡು ವರ್ಷ ಗೆದ್ದರು.

ಆದರೆ ನನ್ನನ್ನು ಹೆಚ್ಚು ಕಾಡುವುದು 1970ರಲ್ಲಿ ಅವರು ಬರೆದ ಒಂದು ಪುಟ್ಟ ಲೇಖನ. ದೊಡ್ಡವರು ಕಸ ಅನ್ನುವ ಪುಸ್ತಕಗಳನ್ನೂ ಮಕ್ಕಳು ಓದಲಿ ಬಿಡಿ ಅಂತ ವಾದಿಸುತ್ತಾರೆ. ಒಳ್ಳೆಯದನ್ನು ಮಗು ತಾನೇ ಹುಡುಕಿಕೊಳ್ಳಬೇಕು. ಜೊತೆಗೆ, ಯಾವುದು ಕಸ ಅಂತ ಗುರುತಿಸುವಷ್ಟು ದೊಡ್ಡವರ ಕಣ್ಣು ಚುರುಕಲ್ಲ. ಎಷ್ಟು ನಿಜ ಅಲ್ವಾ? ನಾವು ಮಕ್ಕಳ ಕೈಗೆ ಸುಮ್ನೆ ನೀತಿಕಥೆಗಳನ್ನೇ ಜಾಸ್ತಿ ತುರುಕುತ್ತೇವೆ.

ಹಾಗಂತ ಅವರು ಬರೆದದ್ದು ಹಗುರ ಕಥೆಗಳನ್ನಲ್ಲ. 'ಈವಾ' ಕಾದಂಬರಿಯಲ್ಲಿ ಅಪಘಾತಕ್ಕೆ ಸಿಕ್ಕ ಹುಡುಗಿಯ ಮನಸ್ಸು ಚಿಂಪಾಂಜಿಯ ದೇಹದಲ್ಲಿ ಎಚ್ಚರಗೊಳ್ಳುತ್ತದೆ. ಮಕ್ಕಳಿಗೆ ಇಷ್ಟು ಭಾರದ ಕಥೆ ಬೇಕಾ? ಖಂಡಿತ ಬೇಕು. ಎಲ್ಲಾದರೂ ಸಿಕ್ಕರೆ ಬಿಡಬೇಡಿ, ಓದಿ. ಮನೆಯ ಮಕ್ಕಳಿಗೂ ಕೊಡಿ.