ಫ್ರ್ಯಾಂಕ್ಲಿ ಅನ್ನುವ ಹಕ್ಕು ಯಾರದು?

‘ಫ್ರ್ಯಾಂಕ್ಲಿ, ಈ ಯೋಜನೆ ಆಗುವಂಥದ್ದಲ್ಲ.’ ಇಲ್ಲಿ ಫ್ರ್ಯಾಂಕ್ ಆಗಿರುವುದು ಯಾರು? ಯೋಜನೆಯಂತೂ ಅಲ್ಲ, ಅದರ ಬಗ್ಗೆ ಮಾತಾಡುತ್ತಿರುವವರು. ‘ಅವನು ಫ್ರ್ಯಾಂಕ್ಲಿ ಮಾತಾಡಿದ’ ಎಂದಾಗ ಪದ ಕ್ರಿಯಾಪದಕ್ಕೆ ಅಂಟಿಕೊಂಡಿರುತ್ತದೆ. ವಾಕ್ಯದ ತಲೆಗೆ ಬಂದು ಅಲ್ಪವಿರಾಮ ಹಾಕಿಸಿಕೊಂಡರೆ ಮಾತ್ರ, ಹೇಳುವವರ ಧಾಟಿಯನ್ನು ಮೊದಲೇ ಸಾರಿಬಿಡುತ್ತದೆ.

ಈ ಪದದ ಬೇರು ಹುಡುಕಿದರೆ ಸಿಗುವುದು ಪ್ರಾಮಾಣಿಕತೆಯಲ್ಲ, ದಂಡಯಾತ್ರೆ. ಫ್ರಾಂಕರು ಜರ್ಮನಿಕ್ ಬುಡಕಟ್ಟಿನವರು. ರೋಮನ್ ಆಳ್ವಿಕೆ ಕುಸಿದ 5ನೇ ಶತಮಾನದ ಕೊನೆಯಲ್ಲಿ, ಅವರ ದೊರೆ ಕ್ಲೋವಿಸ್‌ನ ಕಾಲಕ್ಕೆ, ಈಗಿನ ಫ್ರಾನ್ಸ್ ಇರುವ ಗಾಲ್ ಪ್ರಾಂತ್ಯದ ಬಹುಭಾಗ ಅವರ ಕೈಸೇರಿತು. ಫ್ರಾನ್ಸ್ ಎಂಬ ಹೆಸರೂ ಅವರದೇ. ಆ ನಾಡಿನಲ್ಲಿ ಪೂರ್ಣ ಸ್ವಾತಂತ್ರ್ಯ ಇದ್ದದ್ದು ಗೆದ್ದವರಿಗೆ ಮತ್ತು ಅವರ ರಕ್ಷಣೆಯಲ್ಲಿದ್ದವರಿಗೆ. ಹಾಗಾಗಿ ಮಧ್ಯಯುಗದ ಲ್ಯಾಟಿನ್‌ನಲ್ಲಿ ‘ಫ್ರಾಂಕಸ್’ ಎಂದರೆ ಯಾರ ಹಂಗಿಲ್ಲದವನು ಎಂದಾಯಿತು. ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗಲೂ ಮೊದಲ ಅರ್ಥ ಸ್ವತಂತ್ರ ಎಂದೇ. ಮುಚ್ಚುಮರೆಯಿಲ್ಲದ ಮಾತು ಎಂಬ ಅರ್ಥ ಗಟ್ಟಿಯಾದದ್ದು 16ನೇ ಶತಮಾನದಲ್ಲಿ.

ಇದರ ಬಳಗವೂ ದೊಡ್ಡದು. ಮತದಾನದ ಹಕ್ಕನ್ನು ಸೂಚಿಸುವ ಫ್ರ್ಯಾಂಚೈಸ್ ಇದರ ದಾಯಾದಿ. ಅರಬ್ಬಿ, ಪಾರಸಿ ಸುತ್ತಿಕೊಂಡು ಬಂದ, ಯೂರೋಪಿನವರನ್ನು ಕರೆಯುವ ನಮ್ಮ ‘ಪರಂಗಿ’ಯೂ ಅದೇ ಫ್ರಾಂಕರ ಹೆಸರು! ನನಗೆ ಹೆಚ್ಚು ಮಜಾ ಅನಿಸುವುದು ಅಂಚೆಯ ಫ್ರ್ಯಾಂಕಿಂಗ್. ಬ್ರಿಟನ್ನಿನ ಸಂಸದರು ಲಕೋಟೆಯ ಮೇಲೆ ಸಹಿ ಹಾಕಿದರೆ ಸಾಕು, ಕಾಗದ ಪುಕ್ಕಟೆಯಾಗಿ ಹೋಗುತ್ತಿತ್ತು. ಗೆಳೆಯರಿಗೂ ಸಹಿ ಹಾಕಿಕೊಟ್ಟು ಈ ಸೌಲಭ್ಯವನ್ನು ಚೆನ್ನಾಗಿಯೇ ದುರುಪಯೋಗ ಮಾಡಿದರು. 1840ರಲ್ಲಿ, ಒಂದು ಪೆನ್ನಿಗೆ ದೇಶದಲ್ಲೆಲ್ಲ ಕಾಗದ ಕಳಿಸಬಹುದಾದ ಪೆನ್ನಿ ಅಂಚೆ ಬಂದಾಗ ಅದು ರದ್ದಾಯಿತು.

ಸಭೆಗಳ ನಡಾವಳಿ ಬರೆಯುವುದು ನನ್ನ ಕೆಲಸವಾದ್ದರಿಂದ ಈ ಚರಿತ್ರೆ ನನಗೆ ಹಳತು ಅನಿಸುವುದೇ ಇಲ್ಲ. ‘ಫ್ರ್ಯಾಂಕ್ಲಿ’ ಎಂದು ಶುರುಮಾಡುವವರು ಸಾಮಾನ್ಯವಾಗಿ ಮೇಜಿನ ಆ ತುದಿಯಲ್ಲಿ, ಕೈಯಿರುವ ಕುರ್ಚಿಯಲ್ಲಿ ಕೂತಿರುತ್ತಾರೆ. ಅದಾದ ಮೇಲೆ ‘ಇದನ್ನ ಬರ್ಕೋಬೇಡಿ ಮೇಡಂ’ ಎಂದು ನನ್ನ ಕಡೆ ತಿರುಗುವುದೂ ಉಂಟು. ಹೊಸದಾಗಿ ಕೆಲಸಕ್ಕೆ ಸೇರಿದವರು ಅದೇ ಆಕ್ಷೇಪವನ್ನು ಎತ್ತುವಾಗ ‘ತಪ್ಪು ತಿಳ್ಕೋಬೇಡಿ ಸರ್’ ಎಂದು ಶುರುಮಾಡುತ್ತಾರೆ.